ಕಾರ್ಡ್ ಮುನಿರಾಜುವಿನ ಫ್ರೆಂಚ್ ಹಡಗು

ಮುನಿರಾಜು ಎಲ್ಲಿ ಕೂತು ಎದ್ದರೂ ಅಲ್ಲಿ ರಟ್ಟಿನ ಚುಕ್ಕೆಗಳು ಬಿದ್ದಿರುತ್ತಿದ್ದವು. ಸಾಸಿವೆಗಿಂತ ತುಸು ದೊಡ್ಡವು, ದುಂಡಗಿನವು. ಅವು ಅವನ ತಲೆಗೂದಲಲ್ಲಿ, ಕಿವಿಯ ಸಂದಿಯಲ್ಲಿ, ಅಂಗಿಯ ಮಡಿಕೆಯಲ್ಲಿ, ಎಲೆ ಅಡಿಕೆಯ ಚೀಲದಲ್ಲಿ ಎಲ್ಲ ಕಡೆ ಇರುತ್ತಿದ್ದವು. ಅವನು ಕಾಫಿ ಕುಡಿದಿಟ್ಟ ಲೋಟದ ತಳದಲ್ಲೂ ಎರಡು ಅಂಟಿಕೊಂಡಿರುತ್ತಿದ್ದವು. ನನ್ನ ಮನೆಯ ಜಗಲಿಯನ್ನು ನಾನು ದಿನಕ್ಕೆ ಎರಡು ಸಲ ಗುಡಿಸುತ್ತೇನೆ, ಬೆಳಗ್ಗೆ ಐದೂವರೆಗೆ ಮತ್ತು ಮಧ್ಯಾಹ್ನ ಮೂರೂವರೆಗೆ. ಭಾನುವಾರ ಮಾತ್ರ ಐದು ಗಂಟೆಗೆ ಮೂರನೆಯ ಸಲ ಪೊರಕೆ ಹಿಡಿಯಬೇಕಾಗುತ್ತಿತ್ತು. ಅಂದು ಮುನಿರಾಜು ಬಂದು ಹೋಗುವ ದಿನ.

ಅವನನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಸಕ್ಕರೆ ಬೆರೆಸುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ಅವನು ಉಗಿದು ಉಗಿದು ಅವನ ಕೋಣೆಯ ಕಿಟಕಿಯ ಕೆಳಗಿನ ಗೋಡೆ ಕೆಂಪಗಾಗಿತ್ತು. ನಾಲ್ಕಕ್ಕೆ ಬಾ ಎಂದರೆ ನಾಲ್ಕೂ ಇಪ್ಪತ್ತಕ್ಕೆ ಬರುತ್ತಿದ್ದ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುತ್ತಿದ್ದ. ನಾನು ಹದಿನೈದು ವರ್ಷ ನೌಕಾಪಡೆಯಲ್ಲಿ ಗುಮಾಸ್ತನಾಗಿದ್ದವನು. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕು ಕಂಡರೆ ಇಡೀ ಸಾಲಿನವರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ ಕಾಲ ಅದು. ಅಲ್ಲಿಂದ ಬಂದು ದೊಡ್ಡಬಳ್ಳಾಪುರದಲ್ಲಿ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಬೆಳಗ್ಗೆ ನಾಲ್ಕೂವರೆಗೆ ಏಳುವುದು ಈಗಲೂ ತಪ್ಪಿಲ್ಲ. ಆದರೆ ನನ್ನ ಹೇಸಿಗೆ ಈಗ ಮುನಿರಾಜುವಿನ ಮೇಲಿಲ್ಲ. ಅದು ಎತ್ತ ತಿರುಗಿತು ಎಂಬುದನ್ನೇ ಬರೆಯಹೊರಟಿದ್ದೇನೆ.

ಅವನ ಕಸುಬನ್ನು ಮೊದಲು ಹೇಳಬೇಕು. ನಮ್ಮ ಬೀದಿಯ ಮನೆಮನೆಯಲ್ಲೂ ಪವರ್‌ಲೂಮಿದೆ. ಸೀರೆಗೆ ಅಂಚು, ಸೆರಗು ಬರಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಎಂಬ ಯಂತ್ರ ಕೂರಿಸುತ್ತಾರೆ. ಅದರ ಮೇಲೆ ರಟ್ಟಿನ ಕಾರ್ಡುಗಳ ಸರಪಳಿ ಒಂದೊಂದಾಗಿ ತಿರುಗುತ್ತದೆ. ಕಾರ್ಡಿನಲ್ಲಿ ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಹಂಸ, ಮಾವಿನಕಾಯಿ, ಗೋಪುರ ಎಲ್ಲ ಹುಟ್ಟುವುದು ಆ ತೂತುಗಳಿಂದ. ಒಂದು ತೂತು ಪಕ್ಕಕ್ಕೆ ಬಿದ್ದರೆ ಆ ಮಗ್ಗದಿಂದ ಇಳಿಯುವ ಪ್ರತಿ ಸೀರೆಯಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಮುನಿರಾಜು ಕೈಯಂತ್ರದಲ್ಲಿ ಆ ಕಾರ್ಡುಗಳಿಗೆ ತೂತು ಹೊಡೆಯುವವನು. ಅದಕ್ಕೇ ಊರಿನವರ ಬಾಯಲ್ಲಿ ಕಾರ್ಡ್ ಮುನಿರಾಜು.

ಅವನ ಕೆಲಸದಲ್ಲಿ ತಪ್ಪು ಇರುತ್ತಿರಲಿಲ್ಲ. ನನಗೆ ಸಹಿಸಲಾಗದಿದ್ದದ್ದು ಇದೇ. ಅಷ್ಟು ಹೊಲಸು ಕೈಯಿಂದ ಅಷ್ಟು ಶುದ್ಧವಾದ ಕೆಲಸ ಹೇಗೆ ಬರುತ್ತದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. "ಸೀರೆ ಉಟ್ಟೋಳಿಗೆ ಬಣ್ಣ ಕಾಣ್ತದೆ ಸಾರ್, ನಂಗೆ ತೂತು ಕಾಣ್ತದೆ" ಎನ್ನುತ್ತಿದ್ದ. ನಿಜಕ್ಕೂ ಕಾಣುತ್ತಿತ್ತು. ಒಮ್ಮೆ ಬಸ್‌ ಸ್ಟ್ಯಾಂಡಿನಲ್ಲಿ ಹೊಸಕೋಟೆ ಕಡೆಯ ಒಬ್ಬ ಹೆಂಗಸಿನ ಸೆರಗನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತ. ಆಕೆ ತಿರುಗಿ ನಿಂತು, "ಏನಯ್ಯಾ, ಮನೇಲಿ ಅಕ್ಕತಂಗೀರು ಇಲ್ವಾ ನಿಂಗೆ?" ಎಂದು ಚಪ್ಪಲಿಗೆ ಕೈ ಹಾಕಿದಳು. ಇವನು ಒಂದಿಷ್ಟೂ ಅಲುಗದೆ, "ತಪ್ಪು ತಿಳ್ಕೋಬೇಡಿ ಕಣಮ್ಮಾ, ನಿಮ್ಮ ಹಂಸಗಳಿಗೆಲ್ಲಾ ಒಂದೊಂದೇ ಕಾಲು. ಎರಡ್ನೇದು ಬಿಟ್ಟೋಗದೆ" ಎಂದ. ಸುತ್ತ ಇದ್ದವರೆಲ್ಲ ಆಕೆಯ ಸೆರಗಿನ ಹಂಸಗಳ ಕಾಲು ಎಣಿಸತೊಡಗಿದರು. ನಾಚಿಕೆಯಿಂದ ನಾನು ಬೇರೆ ಬಸ್ಸಿನ ಹಿಂದೆ ಹೋಗಿ ನಿಂತೆ. ಆದರೆ ಅಲ್ಲಿಂದಲೇ ನಾನೂ ಎಣಿಸಿದೆ. ಒಂದೊಂದೇ ಕಾಲು.

ಇಂಥವನಿಗೆ ಒಂದು ಹಡಗು ಸಿಕ್ಕಿತು.

ಕಾರ್ಡಿಗೆ ರಟ್ಟು ಸಾಲದಾದಾಗ ಅವನು ಬೆಂಗಳೂರಿನಿಂದ ಹಳೆಯ ಪುಸ್ತಕಗಳ ರಟ್ಟುಗಳನ್ನು ಮೂಟೆಯಲ್ಲಿ ತರಿಸುತ್ತಿದ್ದ. ಒಂದು ಭಾನುವಾರ, ನಾನು ಜಗಲಿ ಗುಡಿಸಿ ಪೇಪರ್ ಹಿಡಿದು ಕೂತಿದ್ದಾಗ, ರಟ್ಟು ಕಿತ್ತ ಒಂದು ಪುಸ್ತಕವನ್ನು ಎದೆಗೆ ಅವಚಿಕೊಂಡು ಬಂದ. "ಸಾರ್, ಇದು ಹಡಗಿಂದು ಅಲ್ವಾ? ನೀವು ಹಡಗ್‌ನಲ್ಲಿ ಇದ್ದೋರು. ಏನ್ ಬರ್ದದೆ ಓದಿ ಹೇಳಿ" ಎಂದ. ಇಂಗ್ಲಿಷ್ ಪುಸ್ತಕ. ಫ್ರಾನ್ಸ್ ದೇಶದ ಒಂದು ಲೈಟ್ ಕ್ರೂಸರಿನ ಸೇವಾ ಚರಿತ್ರೆ. ದೊಡ್ಡ ಯುದ್ಧನೌಕೆಗಿಂತ ಚಿಕ್ಕದು, ಮೈಮೇಲೆ ಕವಚ ತೆಳ್ಳಗೆ, ಆದರೆ ಬಹಳ ವೇಗ. ಎಂಟು ತೋಪು. ಮೊದಲ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ್ದು, ಎರಡನೆಯ ಮಹಾಯುದ್ಧ ದಾಟಿ ಬದುಕಿದ್ದು. ಅದರ ಹೆಸರನ್ನು ನಾನು ಒಂದು ರೀತಿ, ಅವನು ಇನ್ನೊಂದು ರೀತಿ ಹೇಳುತ್ತಿದ್ದೆವು. ಎರಡೂ ತಪ್ಪೇ ಇರಬೇಕು. ಕೊನೆಗೆ "ನಮ್ಮ ಹಡಗು" ಎಂದೇ ಉಳಿಯಿತು.

"ನಿನಗ್ಯಾಕಯ್ಯಾ ಇದು?" ಎಂದು ಕೇಳಿದೆ.

"ಜಕಾರ್ಡ್ ಮಾಡ್ದೋನು ಆ ದೇಶದೋನೇ ಅಂತಾರಲ್ಲ ಸಾರ್. ನಂಗೆ ಅನ್ನ ಹಾಕ್ದೋರ ಹಡಗು. ಎಲ್ಲೆಲ್ಲಿ ಹೋಗಿತ್ತು ಅಂತ ತಿಳ್ಕೋಬಾರ್ದಾ?"

ಹೀಗೆ ಭಾನುವಾರ ನಾಲ್ಕರಿಂದ ಐದು ನಮ್ಮ ಓದು ಶುರುವಾಯಿತು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವನು ಕೇಳುವುದು. ಆ ಚರಿತ್ರೆಯಲ್ಲಿ ಕಥೆ ಎಂಬುದಿಲ್ಲ. ಇಂಥ ಬಂದರು ಬಿಟ್ಟಿತು, ಇಂಥ ಬಂದರು ಸೇರಿತು, ಎಣ್ಣೆ ತುಂಬಿಸಿತು, ಯಂತ್ರ ರಿಪೇರಿಯಾಯಿತು, ಕ್ಯಾಪ್ಟನ್ ಬದಲಾದ. ಬೇರೆ ಯಾರಾದರೂ ಮೊದಲ ವಾರವೇ ಆಕಳಿಸುತ್ತಿದ್ದರು. ಇವನು ಬಾಯಲ್ಲಿನ ಅಡಿಕೆ ಅಗಿಯುವುದನ್ನು ಮರೆತು ಕೇಳುತ್ತಿದ್ದ. ಮನೆಗೆ ಹೋಗಿ ಹಡಗಿನ ಪ್ರತಿ ವರ್ಷಕ್ಕೆ ಒಂದು ಕಾರ್ಡು ಮಾಡುತ್ತಿದ್ದ. ಬಂದರು ಬಿಟ್ಟರೆ ಒಂದು ತೂತು, ಸೇರಿದರೆ ಒಂದು, ತೋಪು ಹಾರಿಸಿದರೆ ಒತ್ತಾಗಿ ಮೂರು. ಕಾರ್ಡುಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಕೋಣೆಯ ತೊಲೆಗೆ ನೇತುಹಾಕುತ್ತಿದ್ದ. ಯಾವ ಮಗ್ಗಕ್ಕೂ ಏರದ, ಯಾವ ಸೀರೆಗೂ ಆಗದ ಸರಪಳಿ.

ಪುಸ್ತಕದ ಕೊನೆಯಲ್ಲಿ ಹಡಗು ಇಂಡೋಚೈನಾದ ಕರಾವಳಿಗೆ ಹೋಗುತ್ತದೆ. ಅಲ್ಲಿಯ ಜನ ಫ್ರೆಂಚರನ್ನು ಓಡಿಸಲು ಎದ್ದು ನಿಂತ ಕಾಲ. ಹಡಗು ದಡದ ಮೇಲೆ ತೋಪು ಹಾರಿಸುತ್ತದೆ. ಅದನ್ನು ಓದಿದ ದಿನ ಮುನಿರಾಜು ಮುಖ ಕಿವುಚಿದ.

"ಅವ್ರೂರು ಅವ್ರು ಕೇಳಿದ್ರೆ ತೋಪ್ ಹೊಡೆದ್ರಾ? ಥೂ!" ಎಂದು ನನ್ನ ಅಂಗಳಕ್ಕೇ ಉಗಿದ.

"ಹಾಗಾದರೆ ಆ ತೂತು ಹಾಕಬೇಡ" ಎಂದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಅದೆಂಗಾಯ್ತದೆ ಸಾರ್? ಮಾಡಿದ್ದು ಮಾಡ್ದಂಗೇ ಇರ್ಬೇಕಲ್ವಾ?"

ತೊಂದರೆ ಇದ್ದದ್ದು ನಡುವೆ. ಎರಡನೆಯ ಮಹಾಯುದ್ಧ ಶುರುವಾಗಿ ಫ್ರಾನ್ಸ್ ಸೋಲುವಲ್ಲಿಗೆ ಒಂದು ಪುಟ ಮುಗಿಯುತ್ತದೆ. ಮುಂದಿನ ಹಾಳೆ ಹರಿದುಹೋಗಿತ್ತು. ಅದರ ಮುಂದಿನ ಪುಟ ಶುರುವಾಗುವಾಗ ಮೂರು ವರ್ಷ ಕಳೆದಿವೆ, ಹಡಗು ಆಫ್ರಿಕದ ಒಂದು ಬಂದರಿನಲ್ಲಿ ರಿಪೇರಿಗೆ ನಿಂತಿದೆ, ತಳಕ್ಕೆ ಬೆಳೆದ ಚಿಪ್ಪುಗಳನ್ನು ಕೆರೆಯುತ್ತಿದ್ದಾರೆ. ನಡುವಿನ ಮೂರು ವರ್ಷ ಎಲ್ಲಿತ್ತು, ಏನು ಮಾಡುತ್ತಿತ್ತು?

"ಬಿಟ್ಟುಬಿಡು, ಮುಂದಕ್ಕೆ ಹೋಗೋಣ" ಎಂದೆ. ಮುಂದಿನದನ್ನು ಕೇಳಿದ, ಕಾರ್ಡುಗಳನ್ನೂ ಮಾಡಿದ. ಆದರೆ ಹೊಲಿಯಲಿಲ್ಲ. "ಮೂರು ಕಾರ್ಡ್ ಇಲ್ದೆ ಮುಂದಿಂದು ಹೆಂಗ್ ಕಟ್ಟಲಿ ಸಾರ್? ಸುಳ್ ಸರಪಳಿ ಆಯ್ತದೆ" ಎಂದು ಎರಡು ತುಂಡುಗಳನ್ನು ಎರಡು ಮೊಳೆಗೆ ನೇತುಹಾಕಿದ. ಆಮೇಲೆ ವಾರ ವಾರವೂ ಅದೇ ಪ್ರಶ್ನೆ. ಹಾಲಿನ ಡೇರಿಯ ಸಾಲಿನಲ್ಲಿ ಕಂಡರೂ ಅದೇ. "ಆ ಮೂರ್ ವರ್ಷ ಏನಾದ್ರೂ ತಿಳೀತಾ ಸಾರ್?"

ಅವನಿಗೆ ಅದು ಯಾಕೆ ಅಷ್ಟು ಬೇಕಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಬೀದಿಗೇ ಗೊತ್ತಿದ್ದ ಸಂಗತಿ ಅದು. ಮುನಿರಾಜುವಿನ ಬದುಕಿನಲ್ಲೂ ಮೂರು ವರ್ಷ ಹರಿದುಹೋಗಿತ್ತು. ಹಲವಾರು ಮಗ್ಗಗಳ ಮಾಲೀಕ ಚನ್ನಪ್ಪ ಎಂಬವರ ಒಂದು ಹೊಸ ಅಂಚಿನ ಡಿಸೈನು ಅವರ ಮಗ್ಗದಿಂದ ಇಳಿಯುವ ಮೊದಲೇ ಇನ್ನೊಬ್ಬರ ಮಗ್ಗದಿಂದ ಇಳಿದುಬಿಟ್ಟಿತ್ತು. ಕಾರ್ಡು ಹೊಡೆದವನು ಮುನಿರಾಜು. ಇವನೇ ಮಾರಿದ ಎಂದು ಚನ್ನಪ್ಪ ಹೇಳಿದರು, ಎಲ್ಲರೂ ನಂಬಿದರು. ಮೂರು ವರ್ಷ ಯಾರೂ ಅವನಿಗೆ ಒಂದು ಕಾರ್ಡು ಕೊಡಲಿಲ್ಲ. ಹೆಂಡತಿ ಲಕ್ಷ್ಮಮ್ಮ ಬೇರೆಯವರ ಮನೆಯಲ್ಲಿ ನೂಲು ಸುತ್ತಿ ಸಂಸಾರ ನಡೆಸಿದಳು. ಇವನು ಜಗಲಿಯ ಮೇಲೆ ಕೂತಿದ್ದ. ಕೂತವನು ಒಂದು ಕೆಲಸ ಮಾತ್ರ ಬಿಡಲಿಲ್ಲ. ದಿನಾ ಬೆಳಗ್ಗೆ ತೂತು ಹೊಡೆಯುವ ಯಂತ್ರದ ಬಟ್ಟೆ ತೆಗೆದು, ಎಣ್ಣೆ ಹಾಕಿ, ಒರೆಸಿ, ಮತ್ತೆ ಬಟ್ಟೆ ಮುಚ್ಚುತ್ತಿದ್ದ. ಡಿಸೈನು ಮಾರಿದವನು ಚನ್ನಪ್ಪನ ಭಾವಮೈದನೇ ಎಂದು ಕೊನೆಗೆ ಗೊತ್ತಾಯಿತು. ಆಗ ಚನ್ನಪ್ಪ ಬಂದು ಒಂದು ಮಾತು ಹೇಳಿದರೇ? ಇಲ್ಲ. ಒಂದು ಬೆಳಗ್ಗೆ ಕಾರ್ಡು ಹೊಡೆಯಲು ಒಂದು ಡಿಸೈನ್ ಹಾಳೆಯನ್ನು ಯಾರ ಕೈಯಲ್ಲೋ ಕಳಿಸಿದರು, ಅಷ್ಟೆ. ನಮ್ಮ ಬೀದಿಯ ದೊಡ್ಡಮನುಷ್ಯರ ದೊಡ್ಡತನ ಇಂಥದ್ದು.

"ಕ್ಷಮೆಯಾದರೂ ಕೇಳಿಸಬೇಕಿತ್ತು ನೀನು" ಎಂದು ನಾನು ಒಮ್ಮೆ ಸಿಡುಕಿದ್ದೆ.

"ಹಾಳೆ ಕಳ್ಸಿದ್ರಲ್ಲ, ಬಿಡಿ ಸಾರ್" ಎಂದಿದ್ದ.

ಆದರೆ ಅಲ್ಲಿಂದ ಅವನು ಒಂದು ನಿಯಮ ಇಟ್ಟುಕೊಂಡ. ಚನ್ನಪ್ಪ ಕೋಣೆಗೆ ಬಂದರೆ ಏಳುತ್ತಿರಲಿಲ್ಲ. ಕೂತಲ್ಲೇ ಕೂತು, ತಲೆ ಎತ್ತದೆ, ತೂತು ಹೊಡೆಯುತ್ತಲೇ ಮಾತಾಡುತ್ತಿದ್ದ. ಬೀದಿಯಲ್ಲಿ ಎಲ್ಲರೂ ಎದ್ದು ನಿಲ್ಲುವ ಮನುಷ್ಯನೆದುರು ಈ ಹೊಲಸು ಮನುಷ್ಯ ಕೂತೇ ಇರುವುದನ್ನು ನಾನು ಅವನ ಕೋಣೆಯ ಕಿಟಕಿಯಿಂದ ನೋಡಿದ್ದೇನೆ. ಅವನ ಬಳಿ ಇದ್ದ ಒಂದೇ ಆಸ್ತಿ ಅದು. ಅದನ್ನು ಕಳೆದವನು ನಾನು.

ಒಂದು ಬೆಳಗ್ಗೆ ನಾನು ರೈಲ್ವೆ ಸ್ಟೇಷನ್ ಕಡೆಗೆ ವಾಕಿಂಗ್ ಮುಗಿಸಿ, ಮಾಕಳಿದುರ್ಗದ ಬೆಟ್ಟ ಹತ್ತಲು ಬಂದವರು ದಾರಿಯುದ್ದಕ್ಕೂ ಬಿಸಾಡಿದ ಬಾಟಲಿಗಳನ್ನು ಬೈದುಕೊಳ್ಳುತ್ತ, ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಚನ್ನಪ್ಪ ಮತ್ತು ಅವರ ಮಾತಿಗೆಲ್ಲ ನಗುವ ನಾಲ್ಕು ಜನ. ಮುನಿರಾಜು ಬಾಗಿಲಲ್ಲಿ ಕಾಣಿಸಿಕೊಂಡ. ನೇರ ನನ್ನ ಬಳಿ ಬಂದು, "ಸಾರ್, ಆ ಮೂರ್ ವರ್ಷ…" ಎಂದ.

ಚನ್ನಪ್ಪ ತಿರುಗಿದರು. "ಏನ್ಲಾ ಮುನಿರಾಜು, ನಿನ್ ಹಡಗು ಇನ್ನೂ ಸಿಕ್ಲಿಲ್ವಾ? ಕೆರೇಲಿ ಹುಡುಕ್ಲಾ, ನಾಗರಕೆರೇಲಿ!"

ನಾಲ್ಕು ಜನ ನಕ್ಕರು.

"ಸಾರ್‌ನ ಕೇಳ್ತಿದ್ದೀನಿ" ಎಂದ ಮುನಿರಾಜು.

"ಅವ್ರನ್ನ ಕೇಳಿ ಏನ್ ಪ್ರಯೋಜ್ನ? ಅವ್ರಿಗೂ ಗೊತ್ತಿಲ್ವಂತಲ್ಲ. ಏನ್ ಸಾರ್, ನೇವೀಲಿ ಏನ್ ಮಾಡ್ತಿದ್ರಿ, ತಟ್ಟೆ ತೊಳೀತಿದ್ರಾ?"

ಮತ್ತೆ ನಗು. ನಾನು ಲೋಟವನ್ನು ಮೇಜಿನ ಮೇಲೆ ಇಟ್ಟೆ. ಕಿವಿ ಬಿಸಿಯಾಗಿತ್ತು. ಹದಿನೈದು ವರ್ಷ ಸುಳ್ಳು ಲೆಕ್ಕ ಬರೆಯದವನು, ರಜೆಯ ಅರ್ಜಿಯಲ್ಲಿ ಸಹ ಜ್ವರ ಎಂದು ಸುಳ್ಳು ಬರೆಯದವನು, ಅಲ್ಲಿ ಎದ್ದು ನಿಂತು ಹೇಳಿದೆ. "ಗೊತ್ತಿಲ್ಲ ಎಂದು ಯಾರು ಹೇಳಿದರು? ಆ ಮೂರು ವರ್ಷ ಅದು ಸಮುದ್ರದಲ್ಲಿ ಯುದ್ಧ ಮಾಡುತ್ತಿತ್ತು. ಶತ್ರುಗಳ ಎರಡು ಹಡಗು ಮುಳುಗಿಸಿತು."

"ಮೂರ್ ವರ್ಷಾನೂ?" ಎಂದ ಮುನಿರಾಜು.

"ಮೂರು ವರ್ಷವೂ."

"ಒಂದ್ ದಿನಾನೂ ನಿಲ್ಲಲಿಲ್ವಾ ಸಾರ್? ತಳದಲ್ಲಿ ಚಿಪ್ಪು ಬೆಳ್ದಿತ್ತಲ್ಲ…"

ಅವನು ಕಡಲನ್ನು ಕಣ್ಣಿಂದ ಕಂಡವನಲ್ಲ. ಆದರೂ ಸರಿಯಾದ ಜಾಗಕ್ಕೇ ಬೆರಳಿಟ್ಟ. ಓಡುವ ಹಡಗಿನ ತಳದಲ್ಲಿ ಚಿಪ್ಪು ಅಷ್ಟು ಬೆಳೆಯುವುದಿಲ್ಲ, ನಿಂತ ಹಡಗಿನದ್ದೇ ಅದು. ನೌಕಾಪಡೆಗೆ ಸೇರಿದ ಹೊಸಬನಿಗೂ ಗೊತ್ತಿರುವ ವಿಷಯ. ಪುಸ್ತಕ ಓದುವಾಗ ನನಗೂ ಹೊಳೆದಿತ್ತು.

"ಒಂದು ದಿನವೂ ನಿಲ್ಲಲಿಲ್ಲ" ಎಂದೆ.

ಚನ್ನಪ್ಪ ಮೇಜು ತಟ್ಟಿದರು. "ಕೇಳಿಸ್ಕೊಂಡ್ಯೇನ್ಲಾ? ಹಡಗು ಅಂದ್ರೆ ಅದು. ನಿನ್ನಂಗೆ ಮೂರ್ ವರ್ಷ ಜಗಲೀಲಿ ಕುಂಡೆ ಊರೋದಲ್ಲ."

ಈ ಸಲ ನಾಲ್ಕು ಜನರ ಜೊತೆ ನಾನೂ ನಕ್ಕೆನೇ ಎಂದು ಆಮೇಲೆ ಹಲವು ಸಲ ನೆನೆಸಿಕೊಂಡಿದ್ದೇನೆ. ನಗಲಿಲ್ಲ ಎಂದು ಖಾತ್ರಿಯಾಗಿ ಹೇಳಲಾರೆ.

ಮುಂದಿನ ಭಾನುವಾರ ಅವನು ನಾಲ್ಕಕ್ಕೆ ಸರಿಯಾಗಿ ಬಂದ. ಅದೇ ಮೊದಲ ಸಲ. ಕೈಯಲ್ಲಿ ಮೂರು ಕಾರ್ಡುಗಳು. ಜರಡಿಯ ಹಾಗೆ ತುಂಬ ತೂತು. "ಯುದ್ಧದ ವರ್ಷಗಳಲ್ವಾ, ಜಾಗಾನೇ ಉಳೀಲಿಲ್ಲ" ಎಂದು ನನ್ನ ಮುಂದೆ ಹಿಡಿದ. "ನಾನು ಏನೋ ಅಂದ್ಕೊಂಡಿದ್ದೆ ಸಾರ್. ಅದೂ ಎಲ್ಲೋ ಮೂರ್ ವರ್ಷ ನಿಂತಿರ್ಬೇಕು, ಆಮೇಲೆ ಓಡ್ತು ಅಂತ. ಇಲ್ಲ ಬಿಡಿ. ನಿಲ್ಲೋರು ನಮ್ಮಂಥೋರೇ" ಎಂದ.

ಹೇಳಲು ಅದು ಸರಿಯಾದ ಗಳಿಗೆಯಾಗಿತ್ತು. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಗಡಿಯಾರ ನೋಡಿದೆ. ಐದಾಗಲು ಇನ್ನೂ ಹೊತ್ತಿತ್ತು. ಆದರೂ ಎದ್ದು ಪೊರಕೆ ತಂದೆ.

ಅವನು ಸರಪಳಿಯನ್ನು ಹೊಲಿದು ಮುಗಿಸಿದ. ಅದಾದ ಕೆಲವೇ ದಿನಗಳಲ್ಲಿ ಕಿಟಕಿಯಿಂದ ಕಂಡೆ. ಚನ್ನಪ್ಪ ಕೋಣೆಯ ಬಾಗಿಲಿಗೆ ಬಂದರು. ಮುನಿರಾಜು ಯಂತ್ರ ಬಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು, ಎದ್ದು ನಿಂತ. ಅವನ ತೊಡೆಯ ಮೇಲಿದ್ದ ಚುಕ್ಕೆಗಳೆಲ್ಲ ನೆಲಕ್ಕೆ ಉದುರಿದವು.

ಸತ್ಯ ಸಿಕ್ಕಿದ್ದು ಇನ್ನೂ ನಾಚಿಕೆಗೇಡು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತು ಬೀದಿ ಬಿಕೋ ಎನ್ನುತ್ತಿತ್ತು. ಬೇಸರಕ್ಕೆ ಫೋನ್ ತೆಗೆದು ಹಡಗಿನ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದೆ. ಹತ್ತು ನಿಮಿಷದ ಕೆಲಸ. ಅಷ್ಟು ತಿಂಗಳು ನನಗೆ ಇದು ಹೊಳೆದಿರಲಿಲ್ಲ ಎಂದಲ್ಲ. ಕಡಲಿನ ವಿಷಯ ನಾನು ಇನ್ನೊಬ್ಬರಿಂದ ತಿಳಿಯುವುದೇ ಎಂಬ ಸೊಕ್ಕು.

ಆ ಮೂರು ವರ್ಷ ನಮ್ಮ ಹಡಗು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ನಿಂತಿತ್ತು. ಫ್ರಾನ್ಸ್ ಸೋತಾಗ ಅಲ್ಲಿ ಬ್ರಿಟಿಷರ ನೌಕಾಪಡೆಯೂ ಇತ್ತು, ಫ್ರೆಂಚರ ಕೆಲವು ಹಡಗುಗಳೂ ಇದ್ದವು. ಆ ಹಡಗುಗಳು ಗೆದ್ದ ಜರ್ಮನರ ಕೈಗೆ ಸಿಗಬಾರದು ಎಂದು ಬ್ರಿಟಿಷರ ಹಟ. ಪರಸ್ಪರ ಗುಂಡು ಹಾರಿಸಿ ಬಂದರಿನಲ್ಲೇ ರಕ್ತ ಹರಿಯಬೇಕಿತ್ತು. ಇಬ್ಬರು ಅಡ್ಮಿರಲ್‌ಗಳು ಮಾತಾಡಿ ಅದನ್ನು ತಪ್ಪಿಸಿದರು. ಫ್ರೆಂಚ್ ಹಡಗುಗಳು ಎಣ್ಣೆ ಇಳಿಸಿ ಕೊಟ್ಟವು. ತೋಪುಗಳ ಮುಖ್ಯ ಭಾಗಗಳನ್ನು ಬಿಚ್ಚಿ ದಡದಲ್ಲಿ ತಮ್ಮದೇ ದೇಶದ ಕಾನ್ಸಲ್ ಕಚೇರಿಯಲ್ಲಿ ಇಟ್ಟರು. ಅರ್ಧ ನಾವಿಕರು ಊರಿಗೆ ಹೋದರು. ಉಳಿದವರು ಓಡದ ಹಡಗಿನಲ್ಲಿ ಮೂರು ವರ್ಷ ಕೂತರು. ಆಮೇಲೆ ಹಡಗು ಮತ್ತೆ ಎಣ್ಣೆ ತುಂಬಿಕೊಂಡು ಹೊರಟಿತು. ಸೈನಿಕರನ್ನು ಸಾಗಿಸಿತು. ತನ್ನದೇ ದೇಶದ ದಕ್ಷಿಣ ತೀರವನ್ನು ಬಿಡಿಸುವ ಹೋರಾಟದಲ್ಲಿ ತೋಪು ಹಾರಿಸಿತು. ಅದೆಲ್ಲ ನಾವು ಓದಿದ್ದೇ.

ಮುನಿರಾಜು ಅಂದುಕೊಂಡದ್ದೇ ಸರಿಯಾಗಿತ್ತು. ಅವನಿಗೆ ಬೇಕಾಗಿದ್ದದ್ದು ಯುದ್ಧವಲ್ಲ. ಅವನಿಗೆ ಬೇಕಾಗಿದ್ದದ್ದು ಈ ನಿಂತ ಹಡಗು. ಸತ್ಯ ಅದನ್ನೇ ಇಟ್ಟುಕೊಂಡು ಕಾದಿತ್ತು. ನಾನು ನಡುವೆ ನಿಂತು ಸುಳ್ಳು ಕೊಟ್ಟಿದ್ದೆ.

ಎಂಟು ತಿಂಗಳು ಹೇಳಲಿಲ್ಲ. ಮೊದಲು, ಅವನು ಕೆಲಸದಲ್ಲಿದ್ದಾನೆ ಎಂದುಕೊಂಡೆ. ಆಮೇಲೆ, ಸರಪಳಿ ಹೊಲಿದಾಗಿದೆ, ಈಗ ಬಿಚ್ಚಿಸುವುದೇಕೆ ಎಂದುಕೊಂಡೆ. ಆಮೇಲೆ, ಹೋಟೆಲಿನಲ್ಲಿ ಚನ್ನಪ್ಪನ ಬಾಯಿಗೆ ಮತ್ತೆ ಬೀಳಬೇಕಲ್ಲ ಎಂದುಕೊಂಡೆ. ಭಾನುವಾರ ಬಂದು ಕೂತವನಿಗೆ ಬೇರೇನೋ ಓದಿ ಹೇಳುತ್ತಿದ್ದೆ. ಅವನು ಹೋದ ಮೇಲೆ ಚುಕ್ಕೆಗಳನ್ನು ಗುಡಿಸುತ್ತಿದ್ದೆ. ಜಗಲಿ ಬಹಳ ಚೊಕ್ಕಟವಾಗಿತ್ತು.

ಅಷ್ಟರಲ್ಲಿ ಚನ್ನಪ್ಪ ತಮ್ಮ ಮಗ್ಗಗಳಿಗೆ ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿದರು. ಅದಕ್ಕೆ ಕಾರ್ಡು ಬೇಡ, ಡಿಸೈನು ಪೆನ್‌ಡ್ರೈವಿನಲ್ಲಿ ಬರುತ್ತದೆ. ಮುನಿರಾಜುವಿನ ಕೋಣೆಗೆ ಹಾಳೆಗಳು ಬರುವುದು ಕಡಿಮೆಯಾಯಿತು. ಅವನ ಎದೆಯಲ್ಲಿ ನೀರು ತುಂಬಿಕೊಂಡಿತು. ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಒಂದು ಬುಧವಾರ ಲಕ್ಷ್ಮಮ್ಮ ನನ್ನ ಜಗಲಿಯ ಕೆಳಗೆ ಬಂದು ನಿಂತಳು.

"ಭಾನುವಾರ ಅಂತ ಕಾಯ್ಬೇಡಿ ಸಾರ್. ಇವತ್ತೇ ಬಂದೋಗಿ."

ಅವನ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅಂದೇ. ಅಷ್ಟು ದಿನ ಕಿಟಕಿಯಲ್ಲೇ ನಿಂತು ಮಾತಾಡಿಸುತ್ತಿದ್ದೆ. ನೆಲದ ಮೇಲೆ ಚುಕ್ಕೆಗಳು ಪಾದ ಮುಳುಗುವಷ್ಟು. ನಡುವೆ ಚಾಪೆ. ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು, ಪಕ್ಕದಲ್ಲಿ ಎಣ್ಣೆಯ ಡಬ್ಬಿ. ಹಡಗಿನ ಸರಪಳಿ ತೊಲೆಯಿಂದ ಇಳಿಬಿದ್ದಿತ್ತು. ಪುಸ್ತಕ ಅವನ ದಿಂಬಿನ ಕೆಳಗೆ. ನಾನು ಚುಕ್ಕೆಗಳ ಮೇಲೆಯೇ ಕೂತೆ. ಎಲ್ಲವನ್ನೂ ಹೇಳಿದೆ, ಹೋಟೆಲಿನಿಂದ ಅಲೆಕ್ಸಾಂಡ್ರಿಯಾದವರೆಗೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕಣ್ಣು ಮುಚ್ಚಿ ಕೇಳಿ, ಕಣ್ಣು ಬಿಟ್ಟು, "ಎಣ್ಣೆ ಹಾಕ್ತಿದ್ರಾ ಸಾರ್?" ಎಂದ.

"ಏನು?"

"ಮೂರ್ ವರ್ಷ ನಿಂತಾಗ. ಮಿಷನ್‌ಗೆ ದಿನಾ ಎಣ್ಣೆ ಹಾಕಿ ಒರೆಸ್ತಿದ್ರಾ?"

"ಹಾಕಿಯೇ ಇರಬೇಕು. ಇಲ್ಲದಿದ್ದರೆ ಆಮೇಲೆ ಓಡುತ್ತಿರಲಿಲ್ಲ. ನಿಂತ ಹಡಗನ್ನು ನೋಡಿಕೊಳ್ಳುವುದು ಓಡುವ ಹಡಗಿಗಿಂತ ಕಷ್ಟದ ಕೆಲಸ."

"ಹಾಕಿರ್ತಾರೆ" ಎಂದ. ಮುಖದಲ್ಲಿ ಏನೋ ಸಡಿಲವಾಯಿತು. "ತೋಪಿನ ಸಾಮಾನು ದಡದಲ್ಲಿತ್ತು ಅಂದ್ರಲ್ಲ. ಅದನ್ನೂ ಯಾರೋ ಒರೆಸ್ತಿದ್ರು." ಲಕ್ಷ್ಮಮ್ಮನ ಕಡೆ ತಿರುಗಿ, "ಕೇಳಿದ್ಯಾ ಲಚ್ಚೂ? ಅಷ್ಟ್ ದೊಡ್ಡ ಹಡಗು, ಅದೂ ಜಗಲೀಲಿ ಕೂತಿತ್ತಂತೆ" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಕೇಳಿದ. "ಎಷ್ಟ್ ದಿನದಿಂದ ಗೊತ್ತು ಸಾರ್?"

"ಎಂಟು ತಿಂಗಳು."

ಆ ಎಂಟು ತಿಂಗಳಲ್ಲಿ ಚನ್ನಪ್ಪ ಎಷ್ಟು ಸಲ ಆ ಬಾಗಿಲಿಗೆ ಬಂದಿರಬಹುದು ಎಂದು ನಾನು ಲೆಕ್ಕ ಹಾಕುತ್ತ ಕೂತೆ. ಬಹುಶಃ ಅವನೂ ಅದೇ ಲೆಕ್ಕ ಹಾಕುತ್ತಿದ್ದ. ಕೊನೆಗೆ, "ನೀವು ಸಮುದ್ರ ನೋಡ್ದೋರು ಅಂತ ನಾನು ಸುಮ್ನಾದೆ" ಎಂದನಷ್ಟೆ. ಕೋಪವಿಲ್ಲದ ದನಿ. ಅದು ನನಗೆ ಇನ್ನೂ ಕೇಳಿಸುತ್ತದೆ.

ಲಕ್ಷ್ಮಮ್ಮನಿಂದ ಸರಪಳಿ ಇಳಿಸಿ ತರಿಸಿಕೊಂಡ. ಜರಡಿಯಂಥ ಆ ಮೂರು ಕಾರ್ಡುಗಳನ್ನು ಹುಡುಕಿ, ಎರಡೂ ಕಡೆ ದಾರ ಕತ್ತರಿಸಿ, ಹರಿದು ಚುಕ್ಕೆಗಳ ರಾಶಿಗೆ ಹಾಕಿದ. ಸರಪಳಿ ಮತ್ತೆ ಎರಡಾಯಿತು.

"ಇನ್ನೇನು, ಆ ಜಾಗಕ್ಕೆ ಮೂರು ಖಾಲಿ ರಟ್ಟು ಸೇರಿಸಿದರೆ ಆಯಿತಲ್ಲ" ಎಂದೆ, ಹುರುಪಿನಿಂದ.

"ರಟ್ಟು ಬೇರೆ, ಖಾಲಿ ಕಾರ್ಡ್ ಬೇರೆ ಸಾರ್" ಎಂದ. "ಎಳೆ ಎದ್ದೇಳ್ದೆ ಇರೋ ಸಾಲಿಗೂ ಕಾರ್ಡ್ ಇರ್ಬೇಕು. ಅದ್ರಲ್ಲಿ ಡಿಸೈನ್ ತೂತು ಇರಲ್ಲ. ಆದ್ರೆ ಹೊಲಿಯೋ ತೂತು ಇರ್ಲೇಬೇಕು, ಜಕಾರ್ಡಿನ ಗೂಟ ಕೂರೋ ತೂತು ಇರ್ಲೇಬೇಕು. ಇಲ್ಲ ಅಂದ್ರೆ ಹಿಂದಿಂದೂ ಮುಂದಿಂದೂ ಕಳಚ್ಕೊಂಡು 'ದಡ್' ಅಂತ ಬೀಳ್ತದೆ. ಮಗ್ಗದಲ್ಲಿ ಅದೂ ಒಂದ್ ಸುತ್ತು ಸುತ್ತಬೇಕು ಸಾರ್, ಮಿಕ್ಕಿದ್ದರ ಜೊತೆ."

ಅವನ ಕೈಯಲ್ಲಿ ಶಕ್ತಿ ಇರಲಿಲ್ಲ. ಒಂದಷ್ಟು ರಟ್ಟು, ಅಳತೆಗೆ ಒಂದು ತಗಡಿನ ಅಚ್ಚು, ಒಂದು ಕೈಪಂಚು ನನ್ನ ಮುಂದಿಟ್ಟ. ನಾನು ಅಲ್ಲೇ ಒಂದನ್ನು ಪ್ರಯತ್ನಿಸಿದೆ. ತೂತು ಓರೆಯಾಗಿ ಬಿತ್ತು. ಅವನು ಬೆರಳಿಂದ ಮುಟ್ಟಿ ನೋಡಿ, "ನೇವಿ ಸಾರ್, ವಕ್ರ" ಎಂದ. ಇನ್ನೊಂದು ಹೊಡೆದೆ. "ಇದೂ ವಕ್ರ. ಮನೇಲಿ ನಿಧಾನವಾಗಿ ಮಾಡ್ಕೊಂಡ್ ಬನ್ನಿ. ಭಾನುವಾರ ನಾಲ್ಕ್ ಗಂಟೆಗೆ. ನಾನೇ ಹೊಲೀತೀನಿ."

ನಾನು ಎದ್ದಾಗ ನನ್ನ ಇಸ್ತ್ರಿ ಮಾಡಿದ ಪಂಚೆಗೆ ಚುಕ್ಕೆಗಳು ಮೆತ್ತಿದ್ದವು. ಕೊಡವಿಕೊಳ್ಳಲಿಲ್ಲ.

ಎರಡು ದಿನ ಅದೇ ಕೆಲಸ ಮಾಡಿದೆ. ಏಳು ರಟ್ಟು ಹಾಳಾದವು. ಗುರುವಾರ ಸಂಜೆಗೆ ಮೂರು ಕಾರ್ಡು ಒಂದು ಮಟ್ಟಿಗೆ ಬಂದವು.

ಮುನಿರಾಜು ಶುಕ್ರವಾರ ಬೆಳಗಿನ ಜಾವ ಹೋದ. ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೂರು ಕಾರ್ಡುಗಳು ನನ್ನ ಕೈಚೀಲದಲ್ಲಿದ್ದವು. ಸಿಗುವುದಾದರೆ ಸರಪಳಿಯ ಎರಡು ತುಂಡುಗಳನ್ನು ಲಕ್ಷ್ಮಮ್ಮನಿಂದ ಕೇಳಿ ತಂದು ನಾನೇ ಹೊಲಿಯೋಣ ಎಂದುಕೊಂಡಿದ್ದೆ. ಅವರ ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ ಇಟ್ಟಿದ್ದರು. ಮಣ್ಣಿಗೆ ಹೋಗಿ ಬಂದವರ ಸ್ನಾನಕ್ಕೆ ನೀರು. ಒಳಗೆ ಹೆಂಗಸರ ನಡುವೆ ಲಕ್ಷ್ಮಮ್ಮ ತಲೆ ಎತ್ತದೆ ಕೂತಿದ್ದಳು. ಹೊರಗೆ ಎಲ್ಲದರ ಯಜಮಾನಿಕೆ ವಹಿಸಿಕೊಂಡು ನಿಂತಿದ್ದವರು ಚನ್ನಪ್ಪ. ಅವರ ಆಳುಗಳು ಕೋಣೆ ಖಾಲಿ ಮಾಡಿ ಕಾರ್ಡುಗಳ ಕಟ್ಟುಗಳನ್ನು ತಂದು ತಂದು ಹಂಡೆಯ ಕೆಳಗೆ ತುರುಕುತ್ತಿದ್ದರು.

ನಾನು ಓಡಿದೆ. ಈ ವಯಸ್ಸಿನಲ್ಲಿ ಓಡಿದೆ. ಒಲೆಯ ಬಾಯಲ್ಲಿ ಪುಸ್ತಕದ ಹಾಳೆಗಳು ಒಂದೊಂದಾಗಿ ತೆರೆದುಕೊಂಡು ಕಪ್ಪಾಗುತ್ತಿದ್ದವು. ಹಡಗಿನ ಸರಪಳಿ ಅದರ ಹಿಂದೆಯೇ ಹೋಗಿತ್ತು. ತೂತುಗಳ ಮೂಲಕ ಬೆಂಕಿ ಸಣ್ಣ ಸಣ್ಣ ನಾಲಗೆ ಹೊರಗೆ ಚಾಚುತ್ತಿತ್ತು.

"ಇದು ಯಾಕೆ ಸುಡುತ್ತಿದ್ದೀರಿ?" ಎಂದು ಕೂಗಿದೆ.

"ಇನ್ಯಾರಿಗ್ ಬೇಕು ಸಾರ್ ಇದೆಲ್ಲ? ಈಗೆಲ್ಲ ಪೆನ್‌ಡ್ರೈವು" ಎಂದರು ಚನ್ನಪ್ಪ. "ಒಣ ರಟ್ಟು, ಎಷ್ಟ್ ಚೆನ್ನಾಗ್ ಉರೀತದೆ ನೋಡಿ. ಪಾಪ, ಒಳ್ಳೇ ಕೆಲಸಗಾರ. ಒಂದ್ ದಿನ ಸುಮ್ನೆ ಕೂತೋನಲ್ಲ."

ಆ ಬಾಯಿಂದ ಆ ಮಾತು. ಏನು ಹೇಳಬೇಕಿತ್ತು ಎಂದು ಈಗ ನನ್ನ ಬಳಿ ಹತ್ತು ಉತ್ತರಗಳಿವೆ. ಕೂತಿದ್ದ, ನೀನೇ ಕೂರಿಸಿದ್ದೆ, ದಿನಾ ಎಣ್ಣೆ ಹಾಕುತ್ತ ಕೂತಿದ್ದ ಎಂದು ಆ ಅಂಗಳದಲ್ಲಿ ಎಲ್ಲರ ಮುಂದೆ ಹೇಳಬೇಕಿತ್ತು. ಹೋಟೆಲಿನಲ್ಲಿ ಸುಳ್ಳು ಹೇಳಲು ಎದ್ದು ನಿಂತ ಮನುಷ್ಯನಿಗೆ ಇಲ್ಲಿ ನಿಜ ಹೇಳಲು ಬಾಯಿ ಬರಲಿಲ್ಲ. ಯಾರೋ ತಂಬಿಗೆಯಲ್ಲಿ ನೀರು ತಂದು, "ಕಾಲು ತೊಳ್ಕೊಳಿ ಸಾರ್" ಎಂದರು. ಹಂಡೆಯದೇ ನೀರು. ತೊಳೆದುಕೊಂಡೆ. ಹದವಾಗಿ ಬೆಚ್ಚಗಿತ್ತು.

ಪುಸ್ತಕ ಹೋಯಿತು. ಕಟ್ಟಿದ ವರ್ಷದ ಕಾರ್ಡು, ಇಂಡೋಚೈನಾದ ಕಾರ್ಡು, ಕೊನೆಗೆ ಹಡಗನ್ನು ಒಡೆದು ಗುಜರಿಗೆ ಹಾಕಿದ ವರ್ಷದ ಕಾರ್ಡು, ಎಲ್ಲ ಹೋದವು. ಉಳಿದದ್ದು ಹಡಗು ನಿಂತಿದ್ದ ಮೂರು ವರ್ಷ. ನನ್ನ ಮನೆಯ ಗೋಡೆಯಲ್ಲಿ ಒಂದು ಮೊಳೆಗೆ ನೇತುಹಾಕಿದ್ದೇನೆ. ಭಾನುವಾರ ನಾಲ್ಕು ಗಂಟೆಗೆ ಇಳಿಸಿ, ಧೂಳು ಒರೆಸಿ, ಮತ್ತೆ ಹಾಕುತ್ತೇನೆ. ಅವುಗಳಲ್ಲಿ ಹೊಲಿಯುವ ತೂತು, ಗೂಟ ಕೂರುವ ತೂತು ಬಿಟ್ಟರೆ ಬೇರೇನೂ ಇಲ್ಲ. ಎರಡನೆಯದು ಸ್ವಲ್ಪ ವಕ್ರ.